ಹೊಸ ತಂತಿಗೆ ಎಣ್ಣೆ

ಮೊದಲ ಆಲ್ಬಂ ಎಂದ ಮೇಲೆ ಗಿಟಾರ್ ಕೂಡ ಹೊಸ ಬಟ್ಟೆ ಹಾಕಿಕೊಳ್ಳಬೇಡವೇ? ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಅವಳಿಗೆ ಆ ಭಾನುವಾರ ಬೆಳಿಗ್ಗೆ ಹಾಗನ್ನಿಸಿತು. ವರ್ಷಗಳಿಂದ ಬದಲಾಯಿಸದ ತಂತಿಗಳನ್ನು ಬಿಚ್ಚಿ, ಕತ್ತರಿಸಿ, ಬೀದಿಯ ಕಸದ ಗಾಡಿಗೆ ಹಾಕಿ, ಹೊಸವನ್ನು ಬಿಗಿದಳು.

ಹಗಲು ಉಗಿ ಕಾರುವ ಮೇಜಿನ ಮುಂದೆ ನಿಂತು ಊರವರ ಅಂಗಿಗಳ ಸುಕ್ಕು ಬಿಡಿಸುವುದು, ಸಂಜೆ ಬಸ್ ನಿಲ್ದಾಣದೆದುರಿನ ಹೋಟೆಲಿನ ಮೂಲೆಯಲ್ಲಿ ಗಿಟಾರ್ ಹಿಡಿದು ಬ್ಲೂಸ್ ಎಂಬ ಪಶ್ಚಿಮದ ನೋವಿನ ಹಾಡು ನುಡಿಸುವುದು. ಮದುವೆಗೆ ಮುಂಚೆಯೂ ಅಷ್ಟೇ, ಗಂಡ ಬಿಟ್ಟುಹೋದ ಮೇಲೂ ಅಷ್ಟೇ. ಕೂತಲ್ಲಿ ಕೂರುವ ಜಾಯಮಾನ ಅವಳದಲ್ಲ. ನುಡಿಸುವಾಗ ಮಾತ್ರ ಆ ಚಡಪಡಿಕೆ ಬೆರಳಿಗಿಳಿಯುತ್ತಿತ್ತು. ಗಂಟಲು ಕಟ್ಟಿದವರು ಮನಸ್ಸಿನ ಮಾತು ಹೇಳಿಕೊಂಡಂಥ ಮೊಂಡು ನಾದ. ಅದನ್ನು ಕೇಳಿಯೇ ಒಂದು ರೆಕಾರ್ಡಿಂಗ್ ಸ್ಟುಡಿಯೋದ ಮಾಲೀಕ ಕಾಫಿ ಆರುವವರೆಗೆ ಕೂತಿದ್ದು, "ಭಾನುವಾರ ಖಾಲಿ ಇದೆ, ಸಂಜೆಯೊಳಗೆ ಮುಗಿಸೋದಾದ್ರೆ ಬನ್ನಿ" ಎಂದಿದ್ದು. ಆಮೇಲೆ ಆ ಕೋಣೆ ಬೇರೆಯವರಿಗೆ.

ಮೊದಲ ಹಾಡು ಮುಗಿದಾಗ ಗಾಜಿನಾಚೆಯಿಂದ ರೆಕಾರ್ಡಿಸ್ಟ್ ಹೆಬ್ಬೆರಳೆತ್ತಿದ. "ಸೂಪರ್ ಮೇಡಂ, ಎಷ್ಟು ಕ್ಲಿಯರ್ ಇದೆ!"

ಹೆಡ್‌ಫೋನಿನಲ್ಲಿ ಕೇಳಿದ ಅವಳ ಮುಖ ಸಪ್ಪಗಾಯಿತು. ಚಮಚಗಳನ್ನು ನೆಲಕ್ಕೆ ಚೆಲ್ಲಿದಂತಿತ್ತು. ಯಾರೋ ಒಳ್ಳೆಯ ಮನೆತನದ ಹುಡುಗಿ ನುಡಿಸಿದ ಹಾಗೆ.

"ಇದು ನಾನಲ್ಲ," ಎಂದಳು.

ಡ್ರಮ್ಮಿನ ಹಿಂದಿದ್ದ ತಮ್ಮ ನಕ್ಕ. "ಮತ್ಯಾರಕ್ಕ, ನಿನ್ನ ಅತ್ತೆನಾ?"

"ತಂತಿ ಕಣೋ. ಬೆಳಿಗ್ಗೆ ಹೊಸದು ಹಾಕ್ದೆ. ಸ್ಟುಡಿಯೋಗೆ ಒಂದು ಮರ್ಯಾದೆ ಕೊಡೋಣ ಅಂತ."

"ಕೊಟ್ಟೆಯಲ್ಲ, ಈಗ ಅನುಭವಿಸು. ಹಳೇದು ಎಲ್ಲಿ?"

"ಕಸದ ಗಾಡೀಲಿ ಊರು ಸುತ್ತುತಿದೆ."

ಮತ್ತೆ ನುಡಿಸಿದಳು, ಅರ್ಧಕ್ಕೆ ನಿಲ್ಲಿಸಿದಳು. ಶ್ರುತಿ ಮಾಡಿದಷ್ಟೂ ತಂತಿ ಜಾರುತ್ತಿತ್ತು. ಎದ್ದು, ಸ್ಪಂಜು ಹೊದಿಸಿದ ಗೋಡೆಯುದ್ದಕ್ಕೂ ಬೋನಿನ ಹುಲಿಯಂತೆ ಅಡ್ಡಾಡಿದಳು. ಹೀಗೇ ಬಿಟ್ಟರೆ ಅವಳ ಹೆಸರಿನ ಮೇಲೆ ಬೇರೊಬ್ಬಳ ದನಿ ಉಳಿಯುತ್ತದೆ. ಬಿಟ್ಟು ಹೋದರೆ ಏನೂ ಉಳಿಯುವುದಿಲ್ಲ. ಇನ್ನೊಂದು ಭಾನುವಾರವನ್ನು ಯಾರು ಕೊಡುತ್ತಾರೆ?

"ಮೊದಲು ಊಟ ಮಾಡು," ಎಂದು ತಮ್ಮ ಡಬ್ಬಿ ಬಿಚ್ಚಿದ. ಅವನ ಹೆಂಡತಿಯ ಕೈ ಎಣ್ಣೆಯಲ್ಲಿ ಧಾರಾಳ. ಅಕ್ಕ ನಿಂತೇ ನಾಲ್ಕು ತುತ್ತು ತಿಂದಳು. ತಿನ್ನುತ್ತ ತಿನ್ನುತ್ತ ಹೊಳೆಯುವ ತನ್ನ ಬೆರಳುಗಳನ್ನೇ ನೋಡಿದಳು. ಹೋಟೆಲಿನಲ್ಲಿ ಅಡಿಗೆಯವನು ಕೊಟ್ಟದ್ದನ್ನು ತಿಂದು, ಕೈಯನ್ನು ಬಟ್ಟೆಗೆ ಒರೆಸಿ, ಹಾಗೇ ಗಿಟಾರ್ ಎತ್ತಿಕೊಳ್ಳುವವಳಲ್ಲವೇ ಅವಳು? ಆ ಹಳೆಯ ತಂತಿಗಳು ಮುದಿಯಾದದ್ದು ಬರೀ ವಯಸ್ಸಿನಿಂದಲ್ಲ, ಎಣ್ಣೆಯಿಂದಲೂ.

ಕೂತು, ಎಣ್ಣೆಗೈಯಲ್ಲೇ ಒಂದೊಂದೇ ತಂತಿಯನ್ನು ಹಿಡಿದು ಉದ್ದಕ್ಕೂ ಉಜ್ಜತೊಡಗಿದಳು.

"ಮೇಡಂ, ಕೈ ತೊಳ್ಕೊಳ್ಳಿ! ಹೊಸ ತಂತಿ ಹಾಳಾಗುತ್ತೆ!"

"ಹಾಳಾಗ್ಲಿ ಅಂತಾನೇ."

"ಸುಮ್ನಿರಿ ಸಾರ್," ಎಂದ ತಮ್ಮ. "ಒಗ್ಗರಣೆ ಕೊಡ್ತಿದಾಳೆ."

ನುಡಿಸಿದಳು. ಚಮಚದ ಸದ್ದು ಅಡಗಿತ್ತು. ಆದರೆ ಹಳೆಯ ನಾದವೂ ಬರಲಿಲ್ಲ. ಎಣ್ಣೆಗೆ ಬೆರಳು ಜಾರಿ, ಹಿಡಿಯಬೇಕಾದ ಸ್ವರ ತಪ್ಪಿ, ಪಕ್ಕದ್ದಕ್ಕೆ ಸಿಕ್ಕಿ, ಅಲ್ಲಿಂದ ಎಳೆದುಕೊಂಡು ಬಂತು. ನಾದದಲ್ಲಿ ಅವಳಿಗೇ ಗೊತ್ತಿಲ್ಲದ ಒಂದು ಒರಟು ಕೊಂಕು ಮೂಡಿತು. ಅದನ್ನು ಬೆನ್ನಟ್ಟಿದಳು. ಅದು ತಪ್ಪಿಸಿಕೊಂಡಿತು. ಮತ್ತೆ ಬೆನ್ನಟ್ಟಿದಳು. ತಮ್ಮ ನಗುವುದನ್ನು ಮರೆತು ಅವಳ ಕೈಯನ್ನೇ ನೋಡುತ್ತ ತಾಳ ಹಿಡಿದ.

ಮುಗಿದಾಗ ರೆಕಾರ್ಡಿಸ್ಟ್ ಹೆಬ್ಬೆರಳೆತ್ತಲಿಲ್ಲ. ಬಾಗಿಲು ತೆಗೆದು ತಲೆ ಹಾಕಿದ. "ಮಧ್ಯೆ ಎರಡು ಕಡೆ ಜಾರಿದೆ ಮೇಡಂ. ಅಷ್ಟನ್ನೇ ಮತ್ತೆ ತಗೊಂಡು ಸರಿ ಮಾಡ್ಲಾ?"

"ಮುಟ್ಬೇಡಿ."

"ಕೇಳಿಯಾದ್ರೂ ನೋಡಿ."

"ಆಮೇಲೆ. ಎಣ್ಣೆ ಆರೋದ್ರೊಳಗೆ ಮುಂದಿನದು ಶುರು ಮಾಡೋಣ," ಎಂದಳು. ಅವನು ಗಾಜಿನಾಚೆ ಹೋಗಿ ಕುರ್ಚಿ ಎಳೆದುಕೊಳ್ಳುವ ಮೊದಲೇ ಅವಳ ಬೆರಳು ಓಡತೊಡಗಿತ್ತು.