ಕಾಲಡಿಯ ತಂತಿ

ನಮ್ಮ ಚರಿತ್ರೆ ಮೇಷ್ಟ್ರು ಬಸ್ಸಿನಲ್ಲಿ ಕಾಲು ಕೆಳಗೆ ಬಿಡುತ್ತಿರಲಿಲ್ಲ. ಚಪ್ಪಲಿ ಕಳಚಿ, ಬಿರಿದ ಹಿಮ್ಮಡಿಗಳನ್ನು ಪಂಚೆಯೊಳಗೆ ಸೇರಿಸಿಕೊಂಡು, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಿದ್ದರು. ಹನೂರು ಅವರ ಊರು. ದಿನಾ ಬೆಳಿಗ್ಗೆ ಕೊಳ್ಳೇಗಾಲದ ಹೈಸ್ಕೂಲಿಗೆ ಬಂದು ಸಂಜೆ ವಾಪಸ್ಸು. ಹನೂರಿನ ಅಕ್ಕನ ಮನೆಗೆ ಹೋಗುವಾಗಲೆಲ್ಲ ನಾನು ನೋಡುತ್ತಿದ್ದೆ. ಪಕ್ಕದವರಿಗೆ ಅವರ ಮೊಣಕಾಲು ತಿವಿಯುತ್ತಿತ್ತು.

"ಕಾಲ್ ಇಳ್ಸಿ ಸಾ, ಇದೇನ್ ನಿಮ್ಮನೆ ಜಗಲಿಯಾ?" ಎಂದು ಕಂಡಕ್ಟರ್ ಗೊಣಗುತ್ತಿದ್ದ.

"ಸುಸ್ತು ಕಣಪ್ಪ," ಎಂದು ಮೇಷ್ಟ್ರು ಕಣ್ಣು ಮುಚ್ಚುತ್ತಿದ್ದರು. ಅವರು ಸುಸ್ತಿಲ್ಲದೆ ಇದ್ದದ್ದನ್ನು ನಾನು ಕಂಡಿದ್ದೇ ಕಡಿಮೆ.

ಆ ಸುಸ್ತು ಬಿಡುತ್ತಿದ್ದದ್ದು ಒಂದೇ ಪಾಠದಲ್ಲಿ, ಸಮುದ್ರದಡಿಯ ತಂತಿಯ ಪಾಠದಲ್ಲಿ. ಪುಸ್ತಕದಲ್ಲಿ ಅದು ನಾಲ್ಕು ಸಾಲು, ಮೇಷ್ಟ್ರ ಬಾಯಲ್ಲಿ ಮುಗಿಯುತ್ತಲೇ ಇರಲಿಲ್ಲ. ಬ್ರಿಟಿಷರೂ ಅವರ ವಸಾಹತು ಸರ್ಕಾರಗಳೂ ಕೂಡಿ ಪೆಸಿಫಿಕ್ ಸಾಗರದ ತಳದಲ್ಲಿ ಟೆಲಿಗ್ರಾಫ್ ತಂತಿ ಎಳೆಯಬೇಕೋ, ಇಲ್ಲಾ, ಏಷ್ಯಾದ ಕಡೆ ಆಗಲೇ ತಂತಿ ಹಾಕಿ ಕೂತಿದ್ದ ಕಂಪನಿಯವರಿಗೆ ಆಫ್ರಿಕಾ ಬಳಸಿ ಇನ್ನೊಂದು ಎಳೆಯಲು ಬಿಡಬೇಕೋ ಎಂಬ ಜಗಳ ಅದು. ಮೇಷ್ಟ್ರು ಒಂದೊಂದು ಬೆಂಚನ್ನೂ ಒಂದೊಂದು ಸರ್ಕಾರ ಮಾಡುತ್ತಿದ್ದರು. ಮುಂದಿನದು ಲಂಡನ್, ಕಿಟಕಿಯದು ಕೆನಡಾ. ಗಲಾಟೆ ಹುಡುಗರದು ಆಸ್ಟ್ರೇಲಿಯ. ಅದರೊಳಗೂ ಒಬ್ಬೊಬ್ಬ ಒಂದೊಂದು ಸರ್ಕಾರ. ಬಾಗಿಲ ಹತ್ತಿರ ಒಬ್ಬಳೇ ಕೂರುತ್ತಿದ್ದ ಮಗ್ಗದ ಮನೆಯ ಕುಳ್ಳಿ ನಾನು, ನ್ಯೂಜಿಲೆಂಡ್. ನಮ್ಮ ಮನೆಯಿಂದ ತಂದ ರೇಷ್ಮೆ ನೂಲೇ ತಂತಿ. ಯಾವ ಬೆಂಚಿನಿಂದ ಯಾವ ಬೆಂಚಿಗೆ ಅದನ್ನು ಎಳೆಯಬೇಕು ಎಂದು ಕಿತ್ತಾಡುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು.

"ಸಭೆ ಮುಂದಕ್ಕೆ ಹಾಕಿದೆ," ಎನ್ನುತ್ತಿದ್ದರು ಮೇಷ್ಟ್ರು. "ಅವ್ರೂ ಇಂಗೇ ವರ್ಷಗಟ್ಲೆ ಮುಂದಕ್ಕಾಕ್ತಾನೇ ಇದ್ರು." ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಯಾರೂ ಕೇಳ್ಳೇ ಇಲ್ವಲ್ಲವ್ವ ನ್ಯೂಜಿಲೆಂಡ್? ದೂರ ಇರೋರ್ಗೆ ಸುದ್ದೀನೂ ಕೊನೇಲೇ ಮುಟ್ಟೋದು." ಆ ಹೆಸರು ನನಗೆ ಹಾಗೇ ಅಂಟಿಕೊಂಡಿತು.

ಮುಂದೆ ನಾನು ಕೊಳ್ಳೇಗಾಲದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯಾದೆ. ಆಗಲೂ ಹನೂರಿಗೆ ತಂತಿ ಇರಲಿಲ್ಲ. ಹನೂರಿನವರಿಗೆ ಬಂದ ಟೆಲಿಗ್ರಾಂ ಕೊಳ್ಳೇಗಾಲದಲ್ಲೇ ಇಳಿದು, ಟಪಾಲು ಚೀಲ ಸೇರಿ, ಸಂಜೆ ಬಸ್ಸಿನಲ್ಲಿ ಹೋಗುತ್ತಿತ್ತು. ಕೊನೆಗೊಮ್ಮೆ ತಂತಿ ಎಳೆಯುವ ಮಾತು ಬಂತು. ಬಂದದ್ದೇ ತಡ, ಎರಡು ಪಕ್ಷವಾಯಿತು. ದೊಡ್ಡ ರಸ್ತೆಯ ಮೇಲೆಯೇ ಹೋಗಲಿ ಎಂದು ಮಧುವನಹಳ್ಳಿಯವರು. ತಮ್ಮ ಕಡೆ ಬಳಸಿಕೊಂಡು ಹೋಗಲಿ ಎಂದು ಕಾಡಂಚಿನ ಹಳ್ಳಿಯವರು. ಒಂದು ಮಾತಿಗೆ ಬನ್ನಿ, ಆಮೇಲೆ ನೋಡೋಣ ಎಂದರು ನಮ್ಮ ಕಚೇರಿಯ ಸಾಹೇಬರು. ರಾಜಿ ಮಾಡಿಸಲು ಊರವರು ಮೇಷ್ಟ್ರನ್ನು ಹಿಡಿದರು.

ಮೇಷ್ಟ್ರು ಆ ರಾಜಿ ಸಭೆಯಲ್ಲೂ ಬೆಂಚು ಹಾಕಿಸಿದರು! ಊರಿಗೊಂದು ಬೆಂಚು, ಬೆಂಚಿಗೊಂದು ಸರದಿ. ನಾನು ಬರೆದುಕೊಳ್ಳಲು ಕೂತಿದ್ದೆ.

"ನಮ್ಮೊಲ್ದಲ್ಲಿ ಕಂಬ ನೆಟ್ಕಳ್ಳಿ ಸಾ, ಆದ್ರೆ ತಂತಿ ನಮ್ಮೂರಲ್ಲೂ ಇಳೀಬೇಕು," ಎಂದ ಕಾಡಂಚಿನ ಕಡೆಯ ಯಜಮಾನ.

"ನಿಂಗ್ಯಾವ ಅವಸ್ರದ ಸುದ್ದಿ ಬತ್ತದ್ಲಾ? ಆನೆ ಕಾಗ್ದ ಬರೀತದಾ?" ಎಂದ ಮಧುವನಹಳ್ಳಿಯವನು.

ಬೆಂಚಿನ ಮೇಲೆ ಕೂತವರು ಬೆಂಚಿನ ಮಾತನ್ನೇ ಆಡಿದರು. ಹೊರಗೆ ಕೊನೇ ಬಸ್ಸು ಹಾರ್ನ್ ಹೊಡೆದದ್ದೇ ಎಲ್ಲರೂ ಟವೆಲ್ಲು ಕೊಡವಿಕೊಂಡು ಓಡಿದರು. ಮೇಷ್ಟ್ರು ಖಾಲಿ ಬೆಂಚುಗಳಿಗೆ "ಸಭೆ ಮುಂದಕ್ಕೆ ಹಾಕಿದೆ" ಎಂದರು. "ನಂದೇ ತಪ್ಪು ಕಣವ್ವ. ಅಕ್ಕಪಕ್ಕದ ಊರ್ನೋರ್ನ ತಂದು ಸರ್ಕಾರ ಮಾಡ್ಬುಟ್ಟೆ."

ಮುಂದಿನ ಸಲ ಬೆಂಚು ಇರಲಿಲ್ಲ. ಜಮಖಾನದ ಮೇಲೆ ಎಲ್ಲರೂ ಬೆರೆತು ಕೂತರು. ಮೇಷ್ಟ್ರು ಗೋಡೆಗೆ ಒರಗಿ, ಅದೇ ಮೊದಲ ಸಲ ನನ್ನ ಕಣ್ಣೆದುರು, ಕಾಲು ನೀಡಿದರು.

"ಯಳಂದೂರಲ್ಲಿ ನಮ್ಮವ್ವಂಗೆ ಕಾಯ್ಲೆ ಜೋರಾಗಿತ್ತು," ಎಂದರು. "ಅಲ್ಲಿದ್ದ ನನ್ ತಮ್ಮ ತಂತಿ ಕೊಟ್ಟ. ಅದು ಕೊಳ್ಳೇಗಾಲಕ್ಕೆ ಬಂದಾಗ ನಾನು ಎರಡು ಬೀದಿ ಆಚೆ ಇದೇ ಸಮುದ್ರದ ತಂತಿ ಪಾಠ ಮಾಡ್ತಿದ್ದೆ. ವಿಳಾಸ ಹನೂರಿಂದು. ಚೀಲಕ್ಕಾಕಿ ಬಸ್ಸಿಗೇರ್ಸಿದ್ರು. ನಾನೂ ಅದೇ ಬಸ್ಸು. ಚೀಲ ಸೀಟ್ ಕೆಳ್ಗಿತ್ತು. ಅದ್ರ ಮೇಲೆ ಕಾಲಿಟ್ಕಂಡು ನಿದ್ದೆ ಒಡ್ಕಂಡು ಊರಿಗೋದೆ ಕಣ್ರಪ್ಪ. ಬೆಳಿಗ್ಗೆ ಪೋಸ್ಟ್‌ಮ್ಯಾನ್ ಅದ್ನ ತಂದು ಕೈಗ್ಕೊಟ್ಟ. ಯಳಂದೂರು ಮುಟ್ಟೋ ಒತ್ಗೆ ಮಣ್ಣು ಮಾಡಿದ್ರು."

ನನಗೆ ಬಸ್ಸಿನ ಸೀಟಿನ ಮೇಲೆ ಮಡಚಿಟ್ಟ ಆ ಕಾಲುಗಳು ಕಣ್ಮುಂದೆ ಬಂದವು. ನಾವು ಎಷ್ಟು ನಕ್ಕಿದ್ದೆವು ಅವಕ್ಕೆ.

"ತಂತಿ ಯಾವ್ ದಾರೀಲಾದ್ರೂ ಬರ್ಲಿ," ಎಂದರು ಮೇಷ್ಟ್ರು. "ನಂಗೆ ಸಾಕಾಗ್ಬುಟ್ಟದೆ."

ಕಾಡಂಚಿನ ಯಜಮಾನ ತಲೆ ಕೆರೆದುಕೊಂಡ. "ರಸ್ತೆ ಮೇಲೇ ತಕಂಡೋಗಿ ಸಾ. ಹನೂರ್ಗಂಟ ಬಂದ್ರೆ ಸಾಕು, ಅಲ್ಲಿಂದ ನಮ್ಮ್ ಐಕ್ಳು ಸುದ್ದಿ ತಕಂಡು ಓಡ್ಬತ್ತವೆ."

ಅಷ್ಟಾದರೂ ಕಂಬಗಳು ಬೇಗ ಬರಲಿಲ್ಲ. ಮಂಜೂರಾತಿ, ಅಳತೆ, ಮತ್ತೆ ಅಳತೆ. ತಂತಿ ಹನೂರು ಮುಟ್ಟುವ ಹೊತ್ತಿಗೆ ಮೇಷ್ಟ್ರು ನಿವೃತ್ತರಾಗಿದ್ದರು, ನನಗೆ ಯಳಂದೂರಿಗೆ ವರ್ಗವಾಗಿತ್ತು. ಒಮ್ಮೆ ಸಿಕ್ಕಾಗ "ಖುಷಿನಾ ಸಾರ್?" ಎಂದೆ. "ಖುಷಿ ಪಡಕ್ಕೂ ಸುಸ್ತಾಗ್ತದೆ ಕಣವ್ವ," ಎಂದು ನಕ್ಕರು.

ಒಂದು ಬೆಳಿಗ್ಗೆ ಕಚೇರಿಗೆ ಹನೂರಿನಿಂದ ನನ್ನ ಹೆಸರಿಗೆ ಟೆಲಿಗ್ರಾಂ ಬಂತು. ಮೇಷ್ಟ್ರು ಹೋಗಿಬಿಟ್ಟಿದ್ದರು. ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿ ನಾನು ಹನೂರು ಸೇರಿದಾಗ ಮನೆ ಮುಂದೆ ಇನ್ನೂ ಹೆಚ್ಚು ಜನ ಸೇರಿರಲಿಲ್ಲ.

ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. "ಮೊದ್ಲು ನಿಂಗೇ ಕಳ್ಸು ಅಂದಿದ್ರು ಕಣವ್ವ. ಈ ಸಲ ನ್ಯೂಜಿಲೆಂಡ್‌ಗೆ ಮೊದ್ಲು ತಿಳೀಲಿ ಅಂತ."

ಒಳಗೆ ಚಾಪೆಯ ಮೇಲೆ ಮೇಷ್ಟ್ರು ಕಾಲು ಚಾಚಿ ಮಲಗಿದ್ದರು. ಮುಖ ನೋಡಿದೆ. ಆಮೇಲೆ ಆ ಬಿರಿದ ಹಿಮ್ಮಡಿಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೆ.