ಫಿಟ್ಟರಣ್ಣನ ಹನ್ನೊಂದಡಿ ಥಿಯೇಟರು

ಫಿಟ್ಟರಣ್ಣನಿಗೆ ಬಟ್ಟೆ ಗಿರಣಿ ಇನ್ನೂ ಹದಿನಾಲ್ಕು ತಿಂಗಳ ಸಂಬಳ ಕೊಡಬೇಕು. ಬಾಗಿಲು ಮುಚ್ಚಿದ ದಿನ ಕೊಡುತ್ತೇವೆ ಎಂದದ್ದರಲ್ಲಿ ಮುಕ್ಕಾಲು ಪಾಲು ಬಾಕಿ. ಮೂರು ವರ್ಷ ಗೇಟಿನ ಮುಂದೆ ಕೂತು, ಎರಡು ಸಲ ಲಾಠಿ ತಿಂದು, ನಾವು ಗಿರಣಿಯವರು ಕಿತ್ತುಕೊಂಡದ್ದು ಕಾಲುಭಾಗ ಮಾತ್ರ. ಅದು ಕೈಗೆ ಬಂದಾಗ ಒಬ್ಬೊಬ್ಬರು ಒಂದೊಂದು ಮಾಡಿದರು. ಒಬ್ಬ ಸೊಸೈಟಿ ಸಾಲ ತೀರಿಸಿದ, ಒಬ್ಬ ಹಳೇ ಆಟೊ ಕೊಂಡ, ಒಬ್ಬ ಎರಡೇ ತಿಂಗಳಲ್ಲಿ ಕುಡಿದು ಮುಗಿಸಿದ. ಫಿಟ್ಟರಣ್ಣ ಮನೆಯೊಳಗೆ ಥಿಯೇಟರು ಕಟ್ಟಿದ.

"ಅಡುಗೆಮನೆ ಸೂರು ಸೋರ್ತಾ ಇದೆ, ಇವರಿಗೆ ಸಿನಿಮಾ ಬೇಕಂತೆ," ಎಂದು ಅವನ ಹೆಂಡತಿ ನನ್ನೆದುರೇ ಛೀಮಾರಿ ಹಾಕಿದಳು. ಆಕೆಯೂ ಅದೇ ಗಿರಣಿಯಲ್ಲಿ ನೂಲು ಸುತ್ತಿದವಳು. ನಾನು ಅತ್ತಿಗೆ ಅನ್ನುತ್ತೇನೆ.

"ಸೂರು ಸೋರೋದು ಮಳೆಗಾಲದಲ್ಲಿ ಮಾತ್ರ," ಎಂದ ಅವನು. "ಸಿನಿಮಾ ವರ್ಷವಿಡೀ."

ಅವನ ಹಟಕ್ಕೆ ಕಾರಣವಿತ್ತು. ಮೂವತ್ತೊಂದು ವರ್ಷ ಪಾಳಿಯ ಮೇಲೆ ಪಾಳಿ. ಟಿಕೆಟ್ ತೆಗೆದು ಒಳಗೆ ಹೋದರೆ ಅರ್ಧಕ್ಕೇ ನಿದ್ದೆ, ಇಲ್ಲವೇ ಮಧ್ಯಂತರದಲ್ಲೇ ಎದ್ದು ಪಾಳಿಗೆ ಓಟ. ಎಷ್ಟೋ ಸಿನಿಮಾಗಳಲ್ಲಿ ಕೊನೆಗೆ ಕೊಲೆ ಮಾಡಿದವನು ಯಾರೆಂದು ಅವನಿಗೆ ಇನ್ನೂ ಗೊತ್ತಿಲ್ಲ. ಕೆಲಸ ಹೋದಮೇಲೆ ಒಂದೇ ಆಸೆ: ಒಂದು ಸಿನಿಮಾವನ್ನು ಮೊದಲಿಂದ ಕಡೆವರೆಗೆ, ಒಂದು ಮಾತೂ ತಪ್ಪದಂತೆ ಕೇಳಬೇಕು.

ಕೋಣೆ ಮಗಳದು. ಅವಳು ಮದುವೆಯಾಗಿ ಮೂರು ಬೀದಿಯಾಚೆ ಹೋದಮೇಲೆ ಅಲ್ಲಿ ಮುರಿದ ಫ್ಯಾನು, ತುಕ್ಕು ಹಿಡಿದ ಟ್ರಂಕು, ಹೊಲಿಗೆ ಯಂತ್ರ ಸಂಸಾರ ಹೂಡಿದ್ದವು. ಉದ್ದ ಹನ್ನೊಂದಡಿ, ಅಗಲ ಒಂಬತ್ತು. ಒಂದೇ ದಿನದಲ್ಲಿ ಎಲ್ಲವನ್ನೂ ಹೊರಗೆ ಹಾಕಿದ. ಕಿಟಕಿಗೆ ಪ್ಲೈವುಡ್ ಹೊಡೆದ. ಮುಚ್ಚಿಹೋದ ಟ್ಯೂಷನ್ ಸೆಂಟರಿನಿಂದ ಹಳೇ ಪ್ರೊಜೆಕ್ಟರು ಬಂತು. ಅದರ ಎಡಮೂಲೆಯಲ್ಲಿ ಹಳದಿ ಕಲೆ. ಆ ಕಡೆಯಿಂದ ಬರುವ ಪಾತ್ರಕ್ಕೆಲ್ಲ ಕಾಮಾಲೆ.

ಪರದೆಗೆ ಅಂಗಡಿಯವರು ಹೇಳಿದ ಬೆಲೆ ಕೇಳಿ ಅವನು ನಕ್ಕೇಬಿಟ್ಟ. ಬಟ್ಟೆಯ ಬಗ್ಗೆ ಇವನಿಗೆ ಯಾರು ಹೇಳಬೇಕು? ಜೋಡಣೆಯಿಲ್ಲದ ಅಗಲ ಪನ್ನದ ದಪ್ಪ ಬಟ್ಟೆ ತಂದು, ಎರಡು ಸಲ ತೊಳೆದು, ಮರದ ಚೌಕಟ್ಟಿಗೆ ಬಿಗಿದ. ಹಾಸಿನ ಎಳೆ ನೆಟ್ಟಗೆ, ಹೊಕ್ಕಿನ ಎಳೆ ಅಡ್ಡಕ್ಕೆ, ಕೂದಲಷ್ಟೂ ಸೊಟ್ಟಗಾಗಬಾರದು. ಒಂದು ಮೂಲೆಗಾಗಿ ಮೂರು ಸಲ ಮೊಳೆ ಕಿತ್ತ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ಸದ್ದು ಹೊರಗೆ ಹೋಗುವುದಿಲ್ಲ ಎಂದು ಯಾರೋ ಹೇಳಿದರು. ನೂರಿಪ್ಪತ್ತು ಟ್ರೇ ಅಂಟಿಸಿದ. ಇರುವೆ ಒಳಗೆ ಬಂತು, ಸದ್ದೂ ಹೊರಗೆ ಹೋಯಿತು. ಎಲ್ಲ ಕಿತ್ತೆಸೆದು, ಹಲಗೆಯ ಚೌಕಗಳಿಗೆ ಹತ್ತಿ ಚಿಂದಿ ತುಂಬಿ, ಮೇಲೆ ಬಟ್ಟೆ ಎಳೆದು ಕೂರಿಸಿದ. ಗುಜರಿಯಿಂದ ಬಸ್ಸಿನ ಸೀಟು ತಂದ, ಮೂರಾಳಿನವು ಎರಡು. ಅತ್ತಿಗೆ ಪೊರಕೆ ಹಿಡಿದು ಬಂದವಳು ಸೀಟು ನೋಡಿ, "ಮುಂದೆ ಹೋಗ್ರೀ, ಮುಂದೆ ಖಾಲಿ ಇದೆ," ಎಂದು ಕಂಡಕ್ಟರಂತೆ ಕೂಗಿದಳು.

ಎಲ್ಲ ಕೂಡಿಬಂತು. ಧ್ವನಿ ಮಾತ್ರ ಕೂಡಿಬರಲಿಲ್ಲ.

ಪೇಟೆಯ ಸಣ್ಣ ಅಂಗಡಿಯಿಂದ ಎರಡು ಸ್ಪೀಕರು, ಒಂದು ಆಂಪ್ಲಿಫೈಯರು ತಂದಿದ್ದ. ಗಿರಣಿಯಲ್ಲಿ ಅವನು ಮಗ್ಗದ ಚೌಕಟ್ಟಿಗೆ ಅಂಗೈ ಒತ್ತಿ ಒಳಗಿನ ರೋಗ ಹೇಳುತ್ತಿದ್ದ. ಸ್ಪೀಕರಿಗೂ ಅದೇ ಪರೀಕ್ಷೆ. ಅಂಗೈಗೆ ಅದುರು ಚೆನ್ನಾಗಿ ಸಿಕ್ಕಿತು. ಆದರೆ ಮಾತು ಮಸುಕು. ಸ್ಪೀಕರನ್ನು ನಾಲ್ಕು ಬೆರಳು ಆಚೆ ಸರಿಸಿದ, ಎರಡು ಬೆರಳು ಈಚೆ ಎಳೆದ. ಇಟ್ಟಿಗೆಯ ಮೇಲಿಟ್ಟ, ಇಟ್ಟಿಗೆ ತೆಗೆದ. ಊಟಕ್ಕೆ ಕೂತವನು ತಟ್ಟೆ ಬಿಟ್ಟು ಎದ್ದುಹೋಗಿ ತಂತಿ ಅದಲುಬದಲು ಮಾಡಿದ. ಹತ್ತು ನಿಮಿಷ ಸಿನಿಮಾ ನೋಡುವುದು, ಎದ್ದು ತಿರುಪು ಬಿಚ್ಚುವುದು, ಮತ್ತೆ ಹತ್ತು ನಿಮಿಷ. ಇಂಥ ಎರಡು ತಿಂಗಳಲ್ಲಿ ಒಂದು ಸಿನಿಮಾವೂ ಮುಗಿಯಲಿಲ್ಲ. ಅವನು ಸದ್ದು ಏರಿಸುತ್ತಲೇ ಹೋದದ್ದಕ್ಕೆ ಪಕ್ಕದ ಮನೆಯ ಟೀಚರಮ್ಮ ಗೋಡೆ ಗುದ್ದಿದರು. ಗುದ್ದಿದ್ದು ಅವನಿಗೆ ತಿಳಿಯಲಿಲ್ಲ. ಅವರು ಬಾಗಿಲಿಗೇ ಬಂದು, "ನಮ್ಮನೆ ಪಾತ್ರೆಗಳೆಲ್ಲ ಕುಣೀತಾ ಇವೆ ರೀ," ಎಂದಾಗ, "ಪಾತ್ರೆಗೆ ಕೇಳುತ್ತೆ, ನಂಗೆ ಕೇಳಲ್ಲ, ಎಂಥ ಸ್ಪೀಕರ್ ಕೊಟ್ಟಿದಾನೆ ನೋಡಿ!" ಎಂದು ಅವರ ಮುಂದೆಯೇ ಅಂಗಡಿಯವನನ್ನು ಬೈದ.

ಸ್ಪೀಕರು ಹೊತ್ತು ಅಂಗಡಿಗೆ ಮೂರು ಸಲ ಹೋದ. ಮೂರನೆಯ ಸಲ ನನ್ನನ್ನೂ ಎಳೆದೊಯ್ದ, ಜಗಳಕ್ಕೆ ಆಳು ಬೇಕಲ್ಲ.

"ಮಾತು ಬಿಡಿಸಿ ಕೇಳಲ್ಲ. ಗುಂಯ್ ಅನ್ನುತ್ತೆ, ಅಷ್ಟೇ."

"ಅಣ್ಣಾ, ನಿಮ್ಮ ಮುಂದೇನೇ ಹಾಕ್ತೀನಿ, ಕೇಳಿ." ಅಂಗಡಿಯವನು ಸ್ಪೀಕರನ್ನು ಟಿವಿಗೆ ಸಿಕ್ಕಿಸಿದ. ವಾರ್ತೆ ಓದುವವಳ ಮುಖ ಪರದೆ ತುಂಬ. "ಈಗ ಹೇಳಿ, ಹೇಗಿದೆ?"

"ಇಲ್ಲಿ ಸರಿ ಇದೆ."

"ಮತ್ತೆ?"

"ನಿನ್ನ ಅಂಗಡೀಲಿ ಮಾತ್ರ ಸರಿ ಇರೋ ಹಾಗೆ ಮಾಡಿಟ್ಟಿದೀಯ. ಯಾರಿಗೆ ಟೋಪಿ ಹಾಕ್ತೀಯಾ?"

ನಾನೂ ಹಿಂದುಮುಂದು ನೋಡದೆ ದನಿಗೂಡಿಸಿದೆ. ನಾಲ್ಕು ಜನ ಸೇರಿದರು. ಅಂಗಡಿಯವನು ಕಣ್ಣಲ್ಲಿ ನೀರು ತಂದುಕೊಂಡು ಬೇರೆ ಜೋಡಿ ಕೊಟ್ಟ. ಮನೆಗೆ ತಂದರೆ ಅದೂ ಗುಂಯ್.

ಅಳಿಯ ಒಳ್ಳೆಯವನು. ಮಾವನ ಥಿಯೇಟರಿಗೆಂದು ಹೊಡೆದಾಟದ ಡಬ್ಬಿಂಗ್ ಸಿನಿಮಾ ಒಂದು ತಂದ. ಆವತ್ತು ಫಿಟ್ಟರಣ್ಣ ಎದ್ದು ನಿಂತೇ ಬೈದ: "ಒಂದಕ್ಷರ ಅರ್ಥ ಆಗಲ್ಲ! ಬಾಯಿ ಒಂದು ಕಡೆ, ಮಾತು ಒಂದು ಕಡೆ!" ಅಳಿಯ, "ಮಾವಾ, ಬಾಯಿ ಯಾಕೆ ನೋಡ್ತೀರಿ, ಕೇಳಿಸ್ಕೊಳ್ಳಿ," ಎಂದ. ಆ ಮಾತಿಗೆ ಯಾರೂ ಕಿವಿಗೊಡಲಿಲ್ಲ.

ನೇಯ್ಗೆ ಶೆಡ್ಡಿನ ಒಳಗೆ ನೀವು ಹೋಗಿಲ್ಲವಾದರೆ ಒಂದು ಮಾತು ಹೇಳಬೇಕು. ಇನ್ನೂರು ಮಗ್ಗ ಒಟ್ಟಿಗೆ ಬಡಿಯುವಾಗ ಪಕ್ಕದವನ ಕಿವಿಗೆ ಬಾಯಿಟ್ಟು ಕಿರುಚಿದರೂ ದಕ್ಕುವುದಿಲ್ಲ. ಅಲ್ಲಿನ ಜನ ತುಟಿಯಲ್ಲೇ ಮಾತಾಡುತ್ತಿದ್ದರು. ದನಿ ಹೊರಡಿಸುವ ಕೆಲಸವೇ ಇಲ್ಲ. ತುಟಿ ಅಗಲಿಸಿ, ನಿಧಾನ ಆಡಿಸಿದರೆ ಇಪ್ಪತ್ತು ಮಗ್ಗದಾಚೆಯವಳಿಗೆ ಬೈಗುಳ ತಲುಪುತ್ತಿತ್ತು. ಒಮ್ಮೆ ಮ್ಯಾನೇಜರು ನಡುವೆ ನಿಂತಿದ್ದಾಗಲೇ ಮುಷ್ಕರದ ತಾರೀಖನ್ನು ಶೆಡ್ಡಿನ ಈ ತುದಿಯಿಂದ ಆ ತುದಿಗೆ ದಾಟಿಸಿದ್ದರು. ಆ ಮನುಷ್ಯ ಮೀಸೆ ತಿರುವುತ್ತ ನಿಂತಿದ್ದ. ನಮಗೆ ಅದು ಹೆಮ್ಮೆ. ನಾನು ಬೇಲು ಹೊರುವ ಗೋದಾಮಿನವನು, ನನಗೆ ಆ ವಿದ್ಯೆ ಹತ್ತಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಫಿಟ್ಟರಣ್ಣ ಶೆಡ್ಡಿನ ಹಳಬರನ್ನು ಕರೆದ. ನೇಕಾರ ಉದ್ದಣ್ಣ; ನೂಲಿನ ಉರುಳೆಯಂತೆ ಗಿಡ್ಡಗೆ ದುಂಡಗೆ ಇದ್ದುದಕ್ಕೆ ಬಾಬಿನ್ ಎಂದು ಹೆಸರು ಬಿದ್ದಿದ್ದವನು; ಇನ್ನಿಬ್ಬರು. ಅವರು, ಅತ್ತಿಗೆ, ಫಿಟ್ಟರಣ್ಣ ಸೇರಿ ಬಸ್ಸಿನ ಸೀಟು ಭರ್ತಿ. ನಾನೂ ಮಗಳೂ ಬಾಗಿಲ ಬಳಿ ಸ್ಟೂಲಿನ ಮೇಲೆ. ಹಳೇ ಹಾಸ್ಯದ ಸಿನಿಮಾ, ನಮ್ಮದೇ ಭಾಷೆಯದು; ಗಂಡ ಹೆಂಡಿರ ಕಿತ್ತಾಟ. ಸದ್ದಿಗೆ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ಅವರೆಲ್ಲ ಆರಾಮ. ಫಿಟ್ಟರಣ್ಣ ಮಾತ್ರ ಸೀಟಿನ ತುದಿಯಲ್ಲಿ, ಈಗ ಏಳಲೋ ಆಗ ಏಳಲೋ ಎಂಬಂತೆ.

ಅರ್ಧ ಗಂಟೆಯಾಗಿರಬೇಕು. ಆಂಪ್ಲಿಫೈಯರಿನ ಬೆನ್ನಿಗೂ ಇವನು ಹತ್ತಿ ಒತ್ತಿ ಇಟ್ಟಿದ್ದ. ಅದು ಕಾದು ಕಾದು ಪಟ್ಟೆಂದು ನಿಂತಿತು. ಪ್ರೊಜೆಕ್ಟರಿನ ಫ್ಯಾನಿನ ಸದ್ದೊಂದು ಬಿಟ್ಟರೆ ಕೋಣೆ ಸುಮ್ಮನಾಯಿತು. ಪರದೆಯ ಮೇಲೆ ಹೆಂಡತಿ ಸೊಂಟಕ್ಕೆ ಕೈಯಿಟ್ಟು ಬಾಯಿ ಆಡಿಸುತ್ತಿದ್ದಾಳೆ. ಇನ್ನೇನು ಫಿಟ್ಟರಣ್ಣ ಜಿಗಿದೇಳುತ್ತಾನೆ ಎಂದು ಕಾದೆ.

ಆರೂ ಜನ ಒಟ್ಟಿಗೆ ಗೊಳ್ಳೆಂದು ನಕ್ಕರು.

ಬಾಬಿನ್ ತೊಡೆ ತಟ್ಟಿ, "ಸರಿಯಾಗಿ ಕೊಟ್ಲು ನೋಡು!" ಎಂದ. ಉದ್ದಣ್ಣ ಕಣ್ಣೊರೆಸಿಕೊಂಡ. ನಮ್ಮನ್ನು ಆಟ ಆಡಿಸುತ್ತಿದ್ದಾರೆಂದು ಮಗಳು ಮೊದಲು ನಕ್ಕಳು. ಇನ್ನೊಂದು ಮಾತಿಗೆ ಅವರು ಮತ್ತೆ ನಕ್ಕಾಗ ಅವಳ ನಗು ನಿಂತಿತು. ನನ್ನ ಮುಖ ನೋಡಿದಳು. ಗೋಡೆ ಗಡಿಯಾರ ನೋಡಿದೆ. ಏಳು ನಿಮಿಷ. ಏಳು ನಿಮಿಷ ಆ ಜನ ಮೂಕ ಪರದೆಯನ್ನು ನೋಡಿ, ನಗಬೇಕಾದಲ್ಲೇ ನಕ್ಕರು. ಫಿಟ್ಟರಣ್ಣ ಮೊದಲ ಸಲ ಸೀಟಿಗೆ ಒರಗಿ ಕೂತಿದ್ದ.

"ಅಪ್ಪಾ," ಎಂದಳು ಮಗಳು. ಅವನು ತಿರುಗಲಿಲ್ಲ. "ಅಪ್ಪಾ, ಸೌಂಡ್ ಹೋಗಿದೆ!" ಕೂಗಿದರೂ ಒಬ್ಬರೂ ತಿರುಗಲಿಲ್ಲ. ಎದ್ದುಹೋಗಿ ಪರದೆಗೆ ಅಡ್ಡ ನಿಂತಳು.

"ಸರಿಯೇ ಪಕ್ಕಕ್ಕೆ, ಕಾಣಲ್ಲ."

"ಅಪ್ಪಾ, ಸೌಂಡ್ ಹೋಗಿ ಎಷ್ಟು ಹೊತ್ತಾಯ್ತು ಗೊತ್ತಾ?"

"ಎಲ್ಲಿ ಹೋಗಿದೆ? ಈಗಷ್ಟೇ ಅವಳು ಅಂದಳಲ್ಲ, ನಿಮ್ಮಮ್ಮನ ಮನೆಗೇ ಹೋಗಿ ಬಿದ್ದಿರಿ ಅಂತ."

"ಅಂದಿರಬಹುದು. ಕೇಳಿಸಲಿಲ್ಲಪ್ಪಾ. ಯಾರಿಗೂ ಕೇಳಿಸಲಿಲ್ಲ."

ಅವನು ಎದ್ದು ಸ್ಪೀಕರಿಗೆ ಅಂಗೈ ಒತ್ತಿದ. ಇನ್ನೊಂದಕ್ಕೂ ಒತ್ತಿದ. ಮತ್ತೆ ಮೊದಲಿನದಕ್ಕೆ ಬಂದ. ತಂತಿ ಎಳೆದು ನೋಡಿದ, ತಿರುಪು ಹುಡುಕಿದ. ಅತ್ತಿಗೆ ಅವನಿಗೆ ಎದುರಾಗಿ ನಿಂತು ತುಟಿಯಲ್ಲೇ ಏನೋ ಹೇಳಿದಳು. ಏನೆಂದು ಆಮೇಲೆ ಕೇಳಿದೆ. "ಕೂತ್ಕೊಳ್ಳಿ ಅಂದೆ. ಇನ್ನೇನು ಅನ್ನಲಿ? ಒಂದು ನಿಮಿಷ ಕೂತ್ಕೊಳ್ಳಿ ಅಂದೆ."

ಉದ್ದಣ್ಣ ಗಂಟಲು ಸರಿಮಾಡಿಕೊಂಡು, "ಸ್ಪೀಕರ್ ವಾಪಸ್ ಕೊಟ್ಬಿಡೋ, ದುಡ್ಡಾದ್ರೂ ಬರುತ್ತೆ," ಎಂದ. ಬಾಬಿನ್‌ಗೆ ನಗು ಬಂತು. ಬೇರೆ ಯಾರಿಗೂ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಫಿಟ್ಟರಣ್ಣ ನೇರ ಸ್ಪೀಕರ್ ಅಂಗಡಿಗೆ ಹೋದ. ನಾನೂ ಹೋಗಲೇಬೇಕಾಯಿತು, ನಾನೂ ಬೈದಿದ್ದೆನಲ್ಲ. ಅಂಗಡಿಯವನು ನಮ್ಮನ್ನು ಕಂಡು ಶಟರಿಗೇ ಕೈ ಹಾಕಿದ. "ಸ್ಪೀಕರ್ ಸರಿ ಇತ್ತಪ್ಪಾ," ಎಂದ ಫಿಟ್ಟರಣ್ಣ. "ಮೊದಲನೇದೂ ಸರಿ ಇತ್ತು. ತಪ್ಪಾಯ್ತು." ಅಂಗಡಿಯವನಿಗೆ ಇದು ಜಗಳಕ್ಕಿಂತ ಹೆಚ್ಚು ಗಾಬರಿ ತರಿಸಿತು.

ಅಲ್ಲಿಂದ ಕಿವಿಯ ಡಾಕ್ಟರ ಬಳಿಗೆ. ಆಕೆ ಎದುರು ಕೂತು ಏನು ಕೇಳಿದರೂ ಇವನು ಟಪಟಪ ಉತ್ತರ ಕೊಟ್ಟ. "ನಿಮಗೇನೂ ಆಗಿಲ್ಲವಲ್ಲ," ಎಂದರು. ನಾನು ಹೇಳಿದೆ, "ಮೇಡಂ, ಗೋಡೆ ಕಡೆ ತಿರುಗಿಸಿ ಕೇಳಿ." ತಿರುಗಿಸಿದರು. ಅವನ ವಯಸ್ಸು ಕೇಳಿದರು, ಹೆಂಡತಿಯ ಹೆಸರು ಕೇಳಿದರು, ಕೊನೆಗೆ ಕೂಗಿಯೇ ಕೇಳಿದರು. ಅವನು ಗೋಡೆ ನೋಡುತ್ತ, ಕಾಲು ಕುಣಿಸುತ್ತ, ಪರೀಕ್ಷೆ ಯಾವಾಗ ಶುರುವಾಗುತ್ತದೆಂದು ಕಾದು ಕೂತಿದ್ದ. ಆಮೇಲೆ ಯಂತ್ರವೂ ಅದನ್ನೇ ಹೇಳಿತು. ದಪ್ಪ ಸದ್ದಿನ ಅದುರು ಸ್ವಲ್ಪ ಸಿಗುತ್ತದೆ, ಮಾತು ಹಿಡಿಯುವ ಭಾಗ ಸವೆದುಹೋಗಿದೆ. ಪರದೆಯ ಮೇಲಿನ ಮುಖ ಪಕ್ಕಕ್ಕೆ ತಿರುಗಿದಾಗೆಲ್ಲ ಮಾತು ಗುಂಯ್ ಆಗುತ್ತಿದ್ದದ್ದು ಅದಕ್ಕೇ. ಮಾರನೆಯ ದಿನ ಅತ್ತಿಗೆಯನ್ನೂ ಕರೆದೊಯ್ದೆವು, ಆಕೆಯದು ಅವನದಕ್ಕಿಂತ ಕಡೆ.

ಈಗ ಗಿರಣಿಯ ಜಾಣತನ ಕೇಳಿ. ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಇತ್ತು. ಗಿರಣಿಯ ಡಾಕ್ಟರು ಮೇಜಿನಾಚೆ ಕೂತು, ಕಣ್ಣಿಗೆ ಕಣ್ಣಿಟ್ಟು, "ಕಿವಿ ಕೇಳಿಸುತ್ತಾ?" ಅನ್ನುತ್ತಿದ್ದ. ಇವರು ಅವನ ತುಟಿ ಓದಿ, "ಕೇಳಿಸುತ್ತೆ ಸಾರ್," ಅನ್ನುತ್ತಿದ್ದರು. ಕಾರ್ಡಿನಲ್ಲಿ ಕಿವಿ ಸರಿ ಎಂದು ಮೊಹರು. ಮೂವತ್ತೊಂದು ವರ್ಷ, ಮೂವತ್ತೊಂದು ಮೊಹರು. ಯಾರೂ ಸುಳ್ಳು ಹೇಳಲಿಲ್ಲ. ತಮಗೆ ಕೇಳಿಸುತ್ತದೆಂದೇ ನಂಬಿದ್ದರು. ಕಿವಿಗೆ ಪರಿಹಾರ ಕೇಳಿ ನಾವು ಹನ್ನೊಂದು ಜನರ ಅರ್ಜಿ ಹಾಕಿದಾಗ ಗಿರಣಿಯ ವಕೀಲ ಆ ಕಾರ್ಡುಗಳನ್ನೇ ಕಂತೆ ಕಟ್ಟಿ ತಂದ. ಕಾರ್ಮಿಕ ಇಲಾಖೆಯ ಅಧಿಕಾರಿ ಫಿಟ್ಟರಣ್ಣನನ್ನು ಎದುರಿಗೆ ಕೂರಿಸಿಕೊಂಡು, "ನನ್ನ ಮಾತು ಕೇಳಿಸ್ತಾ ಇದೆಯಾ?" ಎಂದರು.

ಇವನು ಅಭ್ಯಾಸಬಲದಲ್ಲಿ, "ಕೇಳಿಸ್ತಾ ಇದೆ ಸಾರ್," ಎಂದ.

ವಕೀಲ ಬರೆದುಕೊಂಡ. ಹೊರಗೆ ಬಂದು ಫಿಟ್ಟರಣ್ಣ ತಲೆ ಚಚ್ಚಿಕೊಂಡ: "ಅವರು ಕೇಳಿದ್ದು ಗೊತ್ತಾಯ್ತು, ಕೇಳಿಸ್ತಾ ಇದೆ ಅಂತ ಬಾಯಿಗೆ ಬಂತು. ನನ್ನ ಬಾಯಿ ಸುಡ!" ಮುಂದಿನ ವಿಚಾರಣೆಗೆ ದಿನಾಂಕ ಕೊಟ್ಟಿದ್ದಾರೆ. ಹನ್ನೊಂದು ಜನರ ಅರ್ಜಿಯನ್ನು ತಳ್ಳಿಹಾಕುವುದು ಸುಲಭ. ಇನ್ನೂರಾದರೆ ಅಷ್ಟು ಸುಲಭವಲ್ಲ.

ಈಗ ಅವನು ಮನೆಯಲ್ಲಿ ನಿಲ್ಲುವುದಿಲ್ಲ. ಬೆಳಗಾದರೆ ಮಗಳನ್ನೋ ನನ್ನನ್ನೋ ಕಟ್ಟಿಕೊಂಡು ಬೀದಿ ಬೀದಿ ಸುತ್ತುತ್ತಾನೆ. ಚಹದಂಗಡಿಯಲ್ಲಿ, ಪಡಿತರದ ಸಾಲಿನಲ್ಲಿ, ಶೆಡ್ಡಿನ ಹಳಬರು ಕಂಡಲ್ಲಿ ನಮ್ಮನ್ನು ಅವರ ಬೆನ್ನ ಹಿಂದೆ ನಿಲ್ಲಿಸಿ ಕೂಗಿಸುತ್ತಾನೆ. ತಿರುಗಿದರೆ ಬೈಸಿಕೊಂಡು ಬರುತ್ತೇವೆ. ತಿರುಗದಿದ್ದರೆ ಎದುರಿಗೆ ಹೋಗಿ, ತುಟಿಯಲ್ಲೇ ವಿಷಯ ಹೇಳುತ್ತಾನೆ. ಕೆಲವರು ನಂಬುವುದಿಲ್ಲ. ಒಬ್ಬಳು ಹೊಡೆಯಲು ಬಂದಳು. ನಿನ್ನೆಗೆ ಅರವತ್ತಮೂರು ಜನ ಆದರು.

ನಾವು ಮೂವರು ಸುತ್ತಿದರೆ ಇದು ಮುಗಿಯುವ ಕೆಲಸವಲ್ಲ. ನಿಮ್ಮ ಅಪ್ಪ, ಅಮ್ಮ, ಅತ್ತೆ, ಚಿಕ್ಕಪ್ಪ, ಯಾರೇ ಆಗಲಿ, ಮಗ್ಗದ ಶೆಡ್ಡಿನಲ್ಲಿ ದುಡಿದಿದ್ದರೆ ಈ ಹಾಳೆ ಕೆಳಗಿಟ್ಟು ಏಳಿ. ಸದ್ದು ಮಾಡದೆ ಅವರ ಬೆನ್ನ ಹಿಂದೆ ನಿಂತು, ಹೆಸರು ಹಿಡಿದು ಮೂರು ಸಲ ಕೂಗಿ. ತಿರುಗದಿದ್ದರೆ ವಯಸ್ಸಾಯಿತು ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಅವರ ಕೈ ಹಿಡಿದು, ಆ ಮೊಹರಿನ ಕಾರ್ಡು ಸಮೇತ, ಮುಂದಿನ ತಿಂಗಳ ಹತ್ತಕ್ಕೆ ಬೆಳಿಗ್ಗೆ ಹತ್ತೂವರೆಗೆ ಕಾರ್ಮಿಕ ಇಲಾಖೆಗೆ ಕರೆದುಕೊಂಡು ಬನ್ನಿ. ಬರುತ್ತೀರೋ ಇಲ್ಲವೋ?