ಎಂಜಿನ್ ಮೇಲಿನ ಕೆಂಪು ಚುಕ್ಕೆ

ಫ್ರೆಂಡ್ಸ್, ನಗ್ಬೇಡಿ. ಇವತ್ತು ನನ್ನ ಹಳೇ ಅಮೆರಿಕನ್ ಮಸಲ್ ಕಾರನ್ನು ಆಸ್ಟಿನ್‌ನ ಹಳೇ ಕಾರುಗಳ ಶೋಗೆ ತಗೊಂಡು ಹೋಗಿದ್ದೆ. ಮೂರು ವರ್ಷ ಗ್ಯಾರೇಜಲ್ಲಿ ಕೂತು ಎಂಜಿನ್ ಬಿಚ್ಚಿ, ಫ್ಯಾಕ್ಟರಿಯಿಂದ ಬಂದ ಹಾಗೇ ಮತ್ತೆ ಜೋಡಿಸಿದ್ದೀನಿ. ಆಗೆಲ್ಲ ಫ್ಯಾಕ್ಟರಿಯವರು ಚೆಕ್ ಮಾಡಿದ ಕಡೆ ಬಣ್ಣದ ಚುಕ್ಕೆ ಇಡ್ತಿದ್ರು. ಅದನ್ನೂ ಬಿಟ್ಟಿಲ್ಲ.

ಬೆಳಿಗ್ಗೆ ಫ್ಲೂಗರ್‌ವಿಲ್‌ನಿಂದ ಹೊರಡೋವಾಗ ನಮ್ಮತ್ತೆ ಬಾನೆಟ್ ಎತ್ತಿಸಿ, ನೀಲಿ ಎಂಜಿನ್‌ಗೆ ಕುಂಕುಮ ಇಟ್ಟೇಬಿಟ್ರು.

"ಅಯ್ಯೋ ಅತ್ತೆ, ಶೋನಲ್ಲಿ ಎಲ್ಲಾ ಒರಿಜಿನಲ್ ಇರ್ಬೇಕು, ಇಲ್ದಿದ್ರೆ ಪಾಯಿಂಟ್ ಕಟ್ ಆಗುತ್ತೆ!" ಅಂತ ಕಿರುಚಿದೆ.

ಧಾರವಾಡದವರು, ಬಗ್ತಾರಾ? "ಸುಮ್ನಿರವಾ, ಬರೇ ಹಣಿಲೆ ಯಾರರ ಹೊರಗ ಹೋಗ್ತಾರೇನು?"

ಒರೆಸೋಕೆ ನಂಗೆ ಧೈರ್ಯ ಬರಲಿಲ್ಲ.

ಜಡ್ಜ್ ಒಬ್ಬ ಬಿಳಿಗಡ್ಡದ ಅಜ್ಜ. ಟಾರ್ಚ್ ಬಿಟ್ಟು ನೋಡ್ತಾ ಬಂದವನು ಕುಂಕುಮದ ಹತ್ರ ನಿಂತ್ಬಿಟ್ಟ. "ನೀಲಿ ಎಂಜಿನ್ ಮೇಲೆ ಕೆಂಪು ಇನ್‌ಸ್ಪೆಕ್ಷನ್ ಮಾರ್ಕಾ? ನಲವತ್ತು ವರ್ಷದಲ್ಲಿ ನೋಡಿಲ್ಲ" ಅಂದ. ನಾನು ಬಾಯಿ ಬಿಡೋ ಮೊದಲೇ ಫೋಟೋ ತೆಗೆದು, "ಬಹಳ ಅಪರೂಪ" ಅಂತ ಬರ್ಕೊಂಡ.

ರಿಸಲ್ಟ್ ಏನಪ್ಪಾ ಅಂದ್ರೆ, ನಾನು ಊರೂರು ಅಲೆದು ಹುಡುಕಿದ, ರಬ್ಬರ್ ಪೈಪ್ ಬಿಗಿಯೋ ಒರಿಜಿನಲ್ ಹೋಸ್ ಕ್ಲಿಪ್ ಡೂಪ್ಲಿಕೇಟ್ ಅಂತ ಒಂದು ಪಾಯಿಂಟ್ ಕಟ್. ಅತ್ತೆ ಕುಂಕುಮಕ್ಕೆ ಫುಲ್ ಮಾರ್ಕ್ಸ್.

ಅತ್ತೆಗೆ ಇನ್ನೂ ಹೇಳಿಲ್ಲ. ಯಾರಾದ್ರೂ ಅವರನ್ನ ಇಲ್ಲಿ ಟ್ಯಾಗ್ ಮಾಡಿದ್ರೆ ಬ್ಲಾಕ್ ಮಾಡ್ತೀನಿ.